ಹಳೇ ಜಿಪ್ಸಿನ ನಮ್ಮ ಎರಿ ನೆಲಕ್ಕ, ಕೆಂಪು ಧೂಳಿಗೆ ತಯಾರು ಮಾಡೋದು ಹ್ಯಾಂಗ

ಗಂಗಾವತಿ, ಕಾರಟಗಿ, ಸಿಂಧನೂರು ಈ ಕಡಿ ಯಾರರ ಹಳೇ ಮಾರುತಿ ಜಿಪ್ಸಿ (ಫೋರ್ ವೀಲ್ ಜೀಪು) ತಗೊಂಡ್ರಂದ್ರ ಫೋನ್ ಮಾಡಿ ಮೊದಲು ಕೇಳೋದು ಒಂದ ಮಾತು, ಅಣ್ಣ ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಯಾವ್ದು ಹಾಕಸ್ಲಿ, ಲೈಟ್ ಬಾರ್ ಎಲ್ಲಿ ಚಲೋ ಸಿಗತೈತಿ. ನಾನು ತಿರುಗಿ ಕೇಳ್ತೀನಿ, ರೇಡಿಯೇಟರ್ ಮುಚ್ಚಳ ತಗದು ಒಳಗ ನೋಡೀಯೇನಪ, ಮುಂದಿನ ನಕಲ್ (ಸ್ಟೇರಿಂಗ್ ತಿರಗಿಸಿದಾಗ ಚಕ್ರ ತಿರಗೋ ಕೀಲು) ಬಿಚ್ಚಿ ಗ್ರೀಸ್ ನೋಡೀಯೇನು ಅಂತ. ಇಲ್ಲಣ್ಣ ಅಂತಾರ. ಹತ್ತು ಮಂದಿಗೆ ಹತ್ತು ಸಲ ಹೇಳೋದಕ್ಕಿಂತ ಒಮ್ಮೆ ಪೂರ್ತಿ ಬರದು ಇಡೋಣ ಅಂತ ಕುಂತೀನಿ. ಉದ್ದ ಆಗತೈತಿ, ಆದ್ರ ಪೂರ್ತಿ ಓದ್ರಿ.

ನಾನು ಹೇಳೋದು ಇಷ್ಟ. ಗಾಡಿ ಹೊಸಾದಿದ್ದಾಗ ಹ್ಯಾಂಗಿತ್ತೋ ಮೊದಲು ಹಂಗ ಮಾಡ್ರಿ, ಆಮ್ಯಾಲ ನಮ್ಮ ನೆಲ ಏನು ಕೇಳತೈತೋ ಅಷ್ಟ ಹಾಕ್ರಿ. ನಮ್ಮ ನೆಲ ಅಂದ್ರ ಕೇರಳದ ಮಳಿ ಕಾಡಲ್ಲ, ರಾಜಸ್ಥಾನದ ಮರಳೂ ಅಲ್ಲ. ನಮ್ಮಲ್ಲಿ ಗಾಡಿ ತಿನ್ನೋವು ನಾಕು: ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟೋ ಬಿಸಿಲು, ಸಂಡೂರು ಕಡಿ ಅದಿರಿನ ಕೆಂಪು ಧೂಳು, ಮಳಿ ಬಿದ್ದ ಕೂಡ್ಲೇ ಅಂಟಂಟು ಆಗೋ ಎರಿ (ಕಪ್ಪು) ಮಣ್ಣು, ಮತ್ತ ಎಲ್ಲಾ ಕಡಿ ಬೆಳದ ಬಳ್ಳಾರಿ ಜಾಲಿ. ದುಡ್ಡು ಈ ನಾಕಕ್ಕ ಹೋಗಬೇಕು, ಶೋಕಿಗೆ ಏನರ ಉಳದ್ರ ಆಮ್ಯಾಲ.

ನಂದು ಜಿಪ್ಸಿ ಕಿಂಗ್, 1298 ಸಿಸಿ ಪೆಟ್ರೋಲ್, ಎಂಪಿಎಫ್ಐ (ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಬಿಡೋ ಇಂಜಿನ್). ಜಿಪ್ಸಿ ನಮ್ಮ ದೇಶದಾಗ ಬಂದಿದ್ದು 1985ರಾಗ, ಆಗ 970 ಸಿಸಿ ಸಣ್ಣ ಇಂಜಿನ್, 1996ಕ್ಕ ಕಿಂಗ್ ಬಂತು, 2000ದ ಹೊತ್ತಿಗೆ ಎಂಪಿಎಫ್ಐ ಬಂದು 80 ಎಚ್‌ಪಿ ಆತು. ಮಹೀಂದ್ರಾ ಡೀಸೆಲ್ ಜೀಪು ಇದ್ದೋರಿಗೂ ಇದರಾಗ ಮುಕ್ಕಾಲು ಭಾಗ ಹಂಗ ಹೊಂದತೈತಿ, ಯಾಕಂದ್ರ ಎರಡಕ್ಕೂ ಹಿಂದ ಮುಂದ ಪಾಟಾ (ಪಟ್ಟಿ ಸ್ಪ್ರಿಂಗು), ಎರಡೂ ಕಡಿ ಗಟ್ಟಿ ಹೌಸಿಂಗು (ಎಡಬಲ ಚಕ್ರ ಕೂಡಿಸೋ ಆಕ್ಸಲ್ ಕೊಳವಿ), ಬೇಕಾದಾಗ ಮಾತ್ರ ಫೋರ್ ವೀಲ್.

ಮೊದಲು ತೊಳೀರಿ, ಆಮ್ಯಾಲ ಕೆಳಗ ಮಲಕೋರಿ

ಗಾಡಿ ಮನಿಗೆ ಬಂದ ದಿನ ವಾಟರ್ ಸರ್ವಿಸ್‌ಗೆ ಒಯ್ದು ಬರೀ ಕೆಳಗಿನ ಭಾಗ ತೊಳಸ್ರಿ, ಬಾಡಿ ಹೊಳಪು ಬ್ಯಾಡ. ತೊಳದು ಎರಡು ದಿನ ಓಡಿಸಿ ಕೆಳಗ ಒಂದು ಹಳೇ ರಟ್ಟು ಹಾಸಿ ರಾತ್ರಿ ನಿಲ್ಲಸ್ರಿ. ಬೆಳಿಗ್ಗೆ ರಟ್ಟಿನ ಮ್ಯಾಲ ಎಲ್ಲಿ ಕಲೆ ಬಿದ್ದೈತಿ ನೋಡಿದ್ರ ಅರ್ಧ ರೋಗ ಅಲ್ಲೇ ಗೊತ್ತಾಗತೈತಿ. ಕಪ್ಪಗ ತೆಳ್ಳಗಿದ್ರ ಇಂಜಿನ್ ಆಯಿಲ್, ದಪ್ಪಗ ಕೊಳತ ವಾಸನಿ ಇದ್ರ ಗೇರ್ ಆಯಿಲ್, ಹಸಿರು ಇಲ್ಲಾ ಗುಲಾಬಿ ಬಣ್ಣ ಇದ್ರ ಕೂಲೆಂಟ್, ಚಕ್ರದ ಒಳಮಗ್ಗಲು ತೆಳ್ಳಗ ತಿಳಿ ಎಣ್ಣಿ ಹಂಗ ಇದ್ರ ಬ್ರೇಕ್ ಆಯಿಲ್, ಆ ದಿನ ಗಾಡಿ ಹೊರಗ ತಗೀಬ್ಯಾಡ್ರಿ.

ಆಮ್ಯಾಲ ಟಾರ್ಚ್ ಹಿಡಕೊಂಡು ಚಾಸಿ ಪೂರ್ತಿ ನೋಡ್ರಿ, ಅದರಾಗೂ ಹಿಂದಿನ ಪಾಟಾ ಚಾಸಿಗೆ ಕೂಡೋ ಜಾಗ, ಬಾಡಿ ಮೌಂಟ್ ಬೋಲ್ಟಿನ ಸುತ್ತ. ಸಣ್ಣ ಸುತ್ತಿಗಿ ತಗೊಂಡು ಮೆಲ್ಲಕ ಬಡೀರಿ, ಟಣ್ ಅಂದ್ರ ಕಬ್ಬಿಣ ಗಟ್ಟಿ, ದಪ್ಪ್ ಅಂದ್ರ ಒಳಗ ತುಕ್ಕು. ನಮ್ಮ ಕಡಿ ಗಾಡಿ ಒಣ ಹವಾದಾಗ ಇದ್ದಿದ್ದಕ್ಕ ಅಷ್ಟು ತುಕ್ಕು ಹಿಡಿಯಂಗಿಲ್ಲ, ಆದ್ರ ಮಂಗಳೂರು, ಕಾರವಾರ ಕಡಿಂದ ಬಂದ ಗಾಡಿ ಅಂದ್ರ ಎರಡು ಸಲ ನೋಡ್ರಿ, ಹೊಸಾ ಬಣ್ಣ ಬಳದಿದ್ರ ಮೂರು ಸಲ. ಮಿಲಿಟರಿ ಹರಾಜಿನ ಜಿಪ್ಸಿ ಆದ್ರ ಚಾಸಿ ನಂಬರ್, ಇಂಜಿನ್ ನಂಬರ್ ಎರಡೂ ಆರ್‌ಸಿ ಜೋಡಿ ತಾಳಿ ಆಗತಾವಿಲ್ಲ ನೋಡದ ದುಡ್ಡು ಕೊಡಬ್ಯಾಡ್ರಿ. ಆರ್‌ಸಿ 15 ವರ್ಷಕ್ಕ ಮುಗಿತೈತಿ, ಆಮ್ಯಾಲ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಣ, ಅದು ಬಾಕಿ ಇದ್ರ ಮೊದಲ ಅದನ್ನ ಮುಗಸ್ಕೋರಿ.

ಎಣ್ಣಿ ಎಲ್ಲಾ ಒಮ್ಮೆಲೇ ಬದಲಿ ಮಾಡ್ರಿ

ಹಳೇ ಮಾಲಕ ಮೊನ್ನೇನ ಹಾಕ್ಸೀನಿ ಅಂದ್ರೂ ನಂಬಬ್ಯಾಡ್ರಿ. ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಶಕ್ತಿನ ಮುಂದ ಹಿಂದ ಹಂಚೋ ಡಬ್ಬಿ), ಮುಂದಿನ ಡಿಫರೆನ್ಷಿಯಲ್ (ಹೌಸಿಂಗಿನಾಗ ಎಡಬಲ ಚಕ್ರಕ್ಕ ಶಕ್ತಿ ಹಂಚೋ ಗೇರು), ಹಿಂದಿನ ಡಿಫರೆನ್ಷಿಯಲ್, ಐದೂ. ಜಿಪ್ಸಿದಾಗ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿರಂಗಿಲ್ಲ, ನಡಕ ಒಂದು ಗಿಡ್ಡ ಶಾಫ್ಟ್ ಇಟ್ಟು ಬ್ಯಾರೇನ ಕುಂದ್ರಿಸ್ಯಾರ, ಹಿಂಗಾಗಿ ಭಾಳ ಮಂದಿ ಅದರ ಆಯಿಲ್ ಮರತ ಬಿಡ್ತಾರ.

ಒಂದು ಮಾತು ನೆನಪಿಡ್ರಿ, ಕೆಳಗಿನ ಡ್ರೇನ್ ಬಿಚ್ಚೋದಕ್ಕಿಂತ ಮೊದಲು ಮ್ಯಾಲಿನ ಆಯಿಲ್ ಹಾಕೋ ಪ್ಲಗ್ ಬಿಚ್ಚತೈತೇನು ನೋಡ್ರಿ. ವರ್ಷಾನುಗಟ್ಟಲೆ ಬಿಚ್ಚದ ಪ್ಲಗ್ ಹಿಡಕೊಂಡು ಕುಂತಿರತೈತಿ, ಕೆಳಗಿಂದ ಎಣ್ಣಿ ಎಲ್ಲಾ ಸುರಿದ ಮ್ಯಾಲ ಮ್ಯಾಲಿಂದ ಹಾಕಾಕ ದಾರಿ ಇಲ್ಲಂದ್ರ ಗಾಡಿ ಅಲ್ಲೇ ನಿಂತಂಗ. ಎಷ್ಟು ಹಾಕಬೇಕು ಅಂದ್ರ, ಗಾಡಿ ಸಪಾಟ ಜಾಗದಾಗ ನಿಲ್ಲಿಸಿ ಹಾಕೋ ತೂತಿನಿಂದ ಹೊರಗ ಹನಿ ಬೀಳೋ ತನಕ, ಅಷ್ಟ. ಗೇರ್ ಬಾಕ್ಸಿಗೆ ಜಿಎಲ್-4 (ಡಬ್ಬಿ ಮ್ಯಾಲ ಬರದಿರೋ ದರ್ಜೆ) ಆಯಿಲ್ ಹಾಕ್ರಿ, ಡಿಫರೆನ್ಷಿಯಲ್‌ಗೆ ಜಿಎಲ್-5 ನಡಿತೈತಿ, ಆದ್ರ ಅದನ್ನ ಗೇರ್ ಬಾಕ್ಸಿಗೆ ಹಾಕಿದ್ರ ಒಳಗಿನ ಹಿತ್ತಾಳಿ ಸಿಂಕ್ರೋ ರಿಂಗಿಗೆ ಒಳ್ಳೇದಲ್ಲ. ಹೊರಗ ಬಂದ ಎಣ್ಣಿನ ಚೆಲ್ಲೋ ಮೊದಲು ನೋಡ್ರಿ: ಹಾಲು ಹಾಕಿದ ಚಾ ಬಣ್ಣ ಇದ್ರ ನೀರು ಹೊಕ್ಕೈತಿ, ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಕರೀ ಪುಡಿ ಹತ್ತಿದ್ರ ಸರಿ ಐತಿ, ಉಗುರಿನಷ್ಟು ಚೂರು ಸಿಕ್ರ ಡಿಫರೆನ್ಷಿಯಲ್ ಬಿಚ್ಚಬೇಕು.

ಗ್ರೀಸ್ ಗನ್ ಒಂದು ಸ್ವಂತದ್ದು ತಗೋರಿ. ಪ್ರೊಪೆಲ್ಲರ್ ಶಾಫ್ಟ್ ಮೂರು ಇರತಾವ, ಎಲ್ಲಾ ಕ್ರಾಸಿಗೂ (ಶಾಫ್ಟಿನ ತುದಿಯ ಕೀಲು), ಜಾರೋ ಯೋಕಿಗೂ ನಿಪ್ಪಲ್ ಹುಡುಕಿ ಹಳೇ ಗ್ರೀಸ್ ಹೊರಗ ಬರೋ ತನಕ ಹೊಡೀರಿ. ನೀರಾಗ ಇಳದು ಬಂದಾಗೊಮ್ಮೆ ಹೊಡಿಲೇಬೇಕು.

ಮುಂದಿನ ಚಕ್ರ ಅಲುಗಾಡೋದು

ಹಳೇ ಜಿಪ್ಸಿ 50-60ರ ಸ್ಪೀಡಿಗೆ ಹೋದಾಗ ಸಣ್ಣ ತಗ್ಗಿಗೆ ಬಿದ್ದ ಕೂಡ್ಲೇ ಸ್ಟೇರಿಂಗ್ ಗಡಗಡ ನಡಗಾಕ ಹತ್ತತೈತಿ, ಬ್ರೇಕ್ ಹಾಕಿ ಪೂರ್ತಿ ಸ್ಪೀಡ್ ಇಳಿಸೋ ತನಕ ನಿಲ್ಲಂಗಿಲ್ಲ. ಮೆಕ್ಯಾನಿಕ್ ಅಣ್ಣಾವ್ರು ಸ್ಟೇರಿಂಗ್ ಡ್ಯಾಂಪರ್ ಹೊಸಾದು ಹಾಕಿ ಕಳಸ್ತಾರ, ಎರಡು ತಿಂಗಳ ಅಡಗಿರತೈತಿ, ಮತ್ತ ಶುರು. ಹೆಚ್ಚಾಗಿ ಇದರ ಮೂಲ ಕಿಂಗ್ ಪಿನ್ ಬೇರಿಂಗು, ಅಂದ್ರ ನಕಲ್ ತಿರಗೋ ಮೊಳಿಯ ಬೇರಿಂಗು. ಮನಿಯಾಗ ಹಿಂಗ ನೋಡ್ರಿ, ಮುಂದಿನ ಚಕ್ರ ಜಾಕಿ ಹಾಕಿ ಎತ್ತಿ ಸ್ಟ್ಯಾಂಡ್ ಮ್ಯಾಲ ಇಟ್ಟು, ಚಕ್ರದ ನೆತ್ತಿ ಮತ್ತ ಕೆಳಗ ಎರಡೂ ಕೈಲೇ ಹಿಡದು ಅಲುಗಾಡಸ್ರಿ. ಆಟ ಐತಿ ಅಂದ್ರ ಇನ್ನೊಬ್ಬರನ್ನ ಬ್ರೇಕ್ ಒತ್ತಿ ಹಿಡೀ ಅನ್ರಿ. ಬ್ರೇಕ್ ಒತ್ತಿದಾಗ ಆಟ ಹೋದ್ರ ವೀಲ್ ಬೇರಿಂಗ್ ಲೂಸ್, ಒತ್ತಿದ್ರೂ ಆಟ ಹಂಗ ಇದ್ರ ಕಿಂಗ್ ಪಿನ್. ಆಮೇಲೆ ಮಗ್ಗಲಿಗೆ ಹಿಡದು ಅಲುಗಾಡಿಸಿ ಟೈ ರಾಡ್ ಎಂಡ್ ನೋಡ್ರಿ.

ನಕಲ್ ಹೊರಗ ಗುಂಡಗಿನ ಭಾಗದ ಸುತ್ತ ಗ್ರೀಸು ತೆಳ್ಳಗಾಗಿ ಸೋರಾಕ ಹತ್ತೈತಿ ಅಂದ್ರ ಒಳಗಿನ ಆಕ್ಸಲ್ ಆಯಿಲ್ ಸೀಲ್ ಹೋಗೈತಿ, ಡಿಫರೆನ್ಷಿಯಲ್‌ನ ಎಣ್ಣಿ ನಕಲ್‌ಗೆ ಬಂದು ಗ್ರೀಸ್ ತೊಳದು ಹಾಕ್ತದ. ಬಿಚ್ಚಿದಾಗ ಒಳಗಿನ ಸೀಲ್, ಹೊರಗಿನ ವೈಪರ್ ಸೀಲ್, ಕಿಂಗ್ ಪಿನ್ ಬೇರಿಂಗ್ ಮೂರೂ ಒಮ್ಮೆಲೇ ಹಾಕಿಬಿಡ್ರಿ, ಕೂಲಿ ಒಂದ. ಎರಿ ಮಣ್ಣು ಹೊರಗಿನ ಸೀಲ್ ದಾಟಿ ಒಳಗ ಹೋತಂದ್ರ ಸಿವಿ ಜಾಯಿಂಟ್ ಅರಿಯೋ ಕಲ್ಲಾಗತೈತಿ.

ಬಿಸಿಲಿನ ಕೆಲಸ, ಇದಕ್ಕ ದುಡ್ಡು ಹಾಕ್ರಿ

ನಾನು ಗಾಡಿ ತಗೊಂಡ ಮೊದಲನೇ ಬ್ಯಾಸಗಿ, ತೋರಣಗಲ್ಲು ದಾಟಿ ಸಂಡೂರು ಘಟ್ಟ ಹತ್ತೋವಾಗ ಟೆಂಪರೇಚರ್ ಮುಳ್ಳು ಎದ್ದಿದ್ದು ಕೆಂಪಿಗೆ ಹೋಗಿ ಕುಂತ್ತು. ಹೆಡ್ ಗ್ಯಾಸ್ಕೆಟ್ ಸುಟ್ಟು ಹೋತು, ಹೆಡ್ ಬಿಚ್ಚಿ ಲೇತಿಗೆ ಹಾಕಿ ಫೇಸಿಂಗ್ ಮಾಡಸ್ಬೇಕಾತು. ಬಿಚ್ಚಿದಾಗ ಗೊತ್ತಾಗಿದ್ದು ಎರಡು, ಒಂದು ಥರ್ಮೋಸ್ಟಾಟ್ ವಾಲ್ ಯಾರೋ ಮೊದಲ ತಗದು ಒಗದಿದ್ರು, ಇನ್ನೊಂದು ರೇಡಿಯೇಟರ್ ಒಳಗ ಕೊಡಪಾನದ ತಳದಾಗ ಹಿಡಿತೈತಲ್ಲ ಅಂಥಾ ಬಿಳೀ ಪಾಚಿ ಗಟ್ಟಿಯಾಗಿ ಕುಂತಿತ್ತು. ಬೋರ್ ನೀರು ಹಾಕಿದ ಫಲ.

ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆದಾಗ ಬೋರಿನ ನೀರು ಭಾಳ ಗಡಸು. ಕುಡ್ಯಾಕ ಬ್ಯಾಡಂತ ಫಿಲ್ಟರ್ ನೀರು ತರತೀವಿ, ಗಾಡಿಗೆ ಮಾತ್ರ ಅದೇ ಬೋರಿನ ನೀರು ಹಾಕ್ತೀವಿ. ಇದನ್ನ ಬಿಡ್ರಿ. ರೇಡಿಯೇಟರ್ ಬಿಚ್ಚಿ ಕೊಟ್ಟು ಒಳಗಿನ ಟ್ಯೂಬು ರಾಡಿಂಗ್ (ಸಣ್ಣ ಸಲಾಕಿ ತೂರಿಸಿ ಸ್ವಚ್ಛ) ಮಾಡಸ್ರಿ, ಭಾಳ ಹೋಗಿದ್ರ ಹೊಸಾ ಕೋರ್ ಹಾಕಸ್ರಿ, ಹಳೇ ತಾಮ್ರ ಹಿತ್ತಾಳಿ ರೇಡಿಯೇಟರ್ ಇದ್ರ ರಿಪೇರಿ ಮಾಡೋರು ಇನ್ನೂ ಸಿಗ್ತಾರ. ಆಮ್ಯಾಲ ಕೂಲೆಂಟು ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ. ಮುಚ್ಚಳ ಹೊಸಾದು ಹಾಕ್ರಿ, ಅಗ್ಗದ ಸಾಮಾನು ಅಂತ ಬಿಡಬ್ಯಾಡ್ರಿ, ಒಳಗ ಒತ್ತಡ ಹಿಡದು ಇಟ್ರನ ನೀರು 100 ಡಿಗ್ರಿಗೆ ಕುದಿಯಂಗಿಲ್ಲ, ಮುಚ್ಚಳದ ರಬ್ಬರ್ ಹೋಗಿದ್ರ ಆ ಲಾಭ ಹೋತು.

ಥರ್ಮೋಸ್ಟಾಟ್ ತಗದ್ರ ಗಾಡಿ ತಂಪಿರತೈತಿ ಅನ್ನೋದು ನಮ್ಮ ಕಡಿ ಎಲ್ಲಾ ಗ್ಯಾರೇಜಿನ ಮಾತು. ಅದಿಲ್ಲದಾಗ ಇಂಜಿನ್ ಬೆಳಿಗ್ಗೆ ಬಿಸಿ ಆಗಾಕ ಭಾಳ ಹೊತ್ತು ಹಿಡಿತೈತಿ, ಎಂಪಿಎಫ್ಐ ಗಾಡಿದಾಗ ಕಂಪ್ಯೂಟರ್ ಇಂಜಿನ್ ತಣ್ಣಗೈತಿ ಅಂತ ತಿಳಕೊಂಡು ಪೆಟ್ರೋಲ್ ಜಾಸ್ತಿ ಬಿಡತೈತಿ, ಮೈಲೇಜ್ ಹೋತು, ಪ್ಲಗ್ ಕರ್ರಗಾತು. ರೇಡಿಯೇಟರ್ ಕಟ್ಟಿದ್ದನ್ನ ಮುಚ್ಚಿ ಹಾಕಾಕ ವಾಲ್ ತಗಿತಾರ ಅಷ್ಟ. ಹೊಸಾ ವಾಲ್ ಹಾಕೋ ಮೊದಲು ಪಾತ್ರೆದಾಗ ನೀರು ಕಾಸಿ ದಾರ ಕಟ್ಟಿ ಇಳಿಬಿಡ್ರಿ, ಬಿಸಿ ನೀರಾಗ ತೆರಕೋಬೇಕು, ತಣ್ಣಗಾದ ಮ್ಯಾಲ ಮುಚ್ಚಬೇಕು.

ಫ್ಯಾನಿನ ಸುತ್ತ ಇರೋ ಪ್ಲಾಸ್ಟಿಕ್ ಶ್ರೌಡ್ ಒಡದು ಹೋಗಿದ್ರ ಹುಡುಕಿ ಹಾಕಸ್ರಿ, ನಿಧಾನಕ ಲೋ ಗೇರಿನಾಗ ಕಲ್ಲು ಹತ್ತೋವಾಗ ಗಾಳಿ ಎಳಿಯೋದು ಅದರಿಂದನ. ರೇಡಿಯೇಟರ್ ಹೊರಗಿನ ಜಾಲರಿ ಸಂದಿಯಾಗ ಧೂಳು, ಹುಲ್ಲಿನ ಬೀಜ ತುಂಬಿರತಾವ, ಇಂಜಿನ್ ಕಡಿಂದ ಮುಂದಕ್ಕ ನೀರು ಬಿಟ್ಟು ತೊಳೀಬೇಕು, ಪ್ರೆಶರ್ ಗನ್ ಹತ್ರ ಹಿಡದ್ರ ಫಿನ್ ಮಲಗತಾವ, ಬರೀ ಪೈಪಿನ ನೀರು ಸಾಕು. ಮತ್ತ ಬಿಸಿ ಇದ್ದಾಗ ಮುಚ್ಚಳ ತಗೀಬ್ಯಾಡ್ರಿ, ಅರ್ಧ ತಾಸು ಕೂಡ್ರಿ, ಮಾರಿ ಸುಟಗೊಂಡೋರನ್ನ ನೋಡೀನಿ.

ಪೆಟ್ರೋಲ್ ಗಾಡಿ ಇದ್ದೋರು ಇನ್ನೊಂದು ನೋಡ್ರಿ, ಈಗ ಬಂಕಿನಾಗ ಸಿಗೋದು ಇ20, ಅಂದ್ರ 20 ಪರ್ಸೆಂಟ್ ಎಥೆನಾಲ್. ಜಿಪ್ಸಿ ಕಾಲದ ರಬ್ಬರ್ ಪೈಪು ಇದಕ್ಕ ಮಾಡಿದ್ದಲ್ಲ, ಗಟ್ಟಿಯಾಗಿ ಬಿರುಕು ಬಿಡತಾವ, ಬಿಸಿ ಇಂಜಿನ್ ಮಗ್ಗಲು ಪೆಟ್ರೋಲ್ ಸೋರೋದು ಅಂದ್ರ ಏನು ಅಂತ ಹೇಳಬೇಕಾಗಿಲ್ಲ. ಟ್ಯಾಂಕಿನಿಂದ ಇಂಜಿನ್ ತನಕ ಎಲ್ಲಾ ಪೈಪು, ಕ್ಲಿಪ್ಪು ಹೊಸಾವು ಹಾಕ್ರಿ, ತಿಂಗಳಾನುಗಟ್ಟಲೆ ನಿಲ್ಲಿಸೋದಿದ್ರ ಎಥೆನಾಲ್ ನೀರು ಎಳಕೋತೈತಿ ಅನ್ನೋದು ನೆನಪಿರ್ಲಿ.

ಕೆಂಪು ಧೂಳು

ಸಂಡೂರು ಕಡಿ ಅದಿರು ಲಾರಿ ಹಿಂದ ಹತ್ತು ಕಿಲೋಮೀಟರ್ ಹೋದ್ರ ಬಿಳೀ ಅಂಗಿ ಏನಾಗತೈತಿ ನಿಮಗ ಗೊತ್ತು, ಏರ್ ಫಿಲ್ಟರ್‌ಗೂ ಅದ ಆಗತೈತಿ. ಈ ಧೂಳು ಕಬ್ಬಿಣದ ಅದಿರು, ಸಿಲಿಂಡರ್ ಒಳಗ ಹೋದ್ರ ಉಜ್ಜೋ ಕಾಗದ ಇದ್ದಂಗ. ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ನಮಗ ನಡ್ಯಂಗಿಲ್ಲ, ಪ್ರತಿ ಟ್ರಿಪ್ ಆದ ಮ್ಯಾಲ ಡಬ್ಬಿ ತಗದು ನೋಡ್ರಿ. ಗಾಳಿ ಹೊಡಿಯೋದಿದ್ರ ಒಳಗಿಂದ ಹೊರಗ, ಕಡಿಮಿ ಪ್ರೆಶರ್‌ದಾಗ, ಹೊರಗಿಂದ ಹೊಡದ್ರ ಧೂಳನ್ನ ಕಾಗದದೊಳಗ ನೀವ ತುರುಕಿದಂಗ.

ಫಿಲ್ಟರ್ ಹೊಸಾದಿದ್ರೂ ಸಂದಿಯಿಂದ ಧೂಳು ಹೋಗತಿರಬಹುದು. ಫಿಲ್ಟರ್ ದಾಟಿದ ಮ್ಯಾಲಿನ ಪೈಪು ಬಿಚ್ಚಿ ಒಳಗ ಬಿಳೀ ಅರಿವಿ ಸುತ್ತಿದ ಬೆರಳು ಆಡಸ್ರಿ. ಕೆಂಪು ಹತ್ತಿದ್ರ ಡಬ್ಬಿ ರಬ್ಬರ್ರೋ, ಪೈಪೋ, ಕ್ಲಿಪ್ಪೋ ಬಿಟ್ಟೈತಿ. ರಬ್ಬರ್ ಅಂಚಿಗೆ ತೆಳ್ಳಗ ಗ್ರೀಸ್ ಸವರಿ ಕೂಡಸ್ರಿ. ಹಳೇ ಮಹೀಂದ್ರಾ ಜೀಪಿನಾಗ ಎಣ್ಣಿ ತುಂಬೋ ಆಯಿಲ್ ಬಾತ್ ಫಿಲ್ಟರ್ ಇದ್ರ ಅದನ್ನ ತಗದು ಒಗೀಬ್ಯಾಡ್ರಿ, ಬಟ್ಟಲದಾಗಿನ ಕೆಸರು ತೊಳದು ಗುರುತಿನ ಮಟ್ಟಕ್ಕ ಹೊಸಾ ಎಣ್ಣಿ ಹಾಕಿದ್ರ ಧೂಳಿಗೆ ಅದು ಭಾಳ ಚಲೋ ಸಾಮಾನು.

ಹಿಂದಿನ ಬ್ರೇಕ್ ಡ್ರಮ್ ಸೈತ ಬಿಚ್ಚಿ ತೊಳಸ್ರಿ, ಒಳಗ ಧೂಳು ಮಣ್ಣು ತುಂಬಿ ಗಟ್ಟಿಯಾಗಿರತೈತಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿ.

ಟೈರು ಮತ್ತ ಜಾಲಿ ಮುಳ್ಳು

ನನ್ನ ಗಾಡಿದಾಗ ಇದ್ದಿದ್ದು 205/70 ಆರ್15. ಎಲ್ಲಾರೂ ಹಾಕೋದು 235/75 ಆರ್15. ಲೆಕ್ಕ ಮಾಡಿ ನೋಡ್ರಿ, ಮೊದಲಿಂದು ಎತ್ತರ ಸುಮಾರು 668 ಮಿಲಿಮೀಟರ್, ಎರಡನೇದು 733. ಅಂದ್ರ ಡಿಫರೆನ್ಷಿಯಲ್ ಕೆಳಗ ಸಿಗೋ ಜಾಗ ಅದರ ಅರ್ಧ, 33 ಮಿಲಿಮೀಟರ್ ಅಷ್ಟ. ಅದಕ್ಕ ಬದ್ಲಾಗಿ ಕೊಡೋದು ಏನು, ಗೇರಿಂಗ್ ಹತ್ತು ಪರ್ಸೆಂಟ್ ಎತ್ತರ ಆಗಿ ಗಾಡಿ ಎಳಿಯೋದು ಕಡಿಮಿ, ಬ್ರೇಕ್ ದೂರ ಹೋಗಿ ಹಿಡಿತೈತಿ, ಮೀಟರ್ 80 ತೋರಿಸಿದಾಗ ನೀವು ಖರೇ ಹೊಂಟಿದ್ದು 88. ನಾನು 215/75 ಆರ್15 ಆಲ್ ಟೆರೈನ್ ಹಾಕೀನಿ, ಲಿಫ್ಟ್ ಬೇಕಾಗಿಲ್ಲ, ಸಣ್ಣ ಇಂಜಿನ್ನಿಗೆ ಭಾರ ಆಗಿಲ್ಲ. ನನ್ನ ಅಭಿಪ್ರಾಯದಾಗ ನಮ್ಮ ಕಡಿ ಇಷ್ಟು ಸಾಕು.

ಬಳ್ಳಾರಿ ಜಾಲಿ ಮುಳ್ಳು ಟೈರಿನ ನೆತ್ತಿಗೆ ಚುಚ್ಚಿದ್ರ ಪರವಾಗಿಲ್ಲ, ಬತ್ತಿ ಪಂಚರ್ ಕಿಟ್ ಇದ್ರ ಐದು ನಿಮಿಷದ ಕೆಲಸ. ಮಗ್ಗಲಿಗೆ ಚುಚ್ಚಿದ್ರ ಅಲ್ಲಿ ಬತ್ತಿ ನಂಬಾಕ ಬರಂಗಿಲ್ಲ, ಸ್ಟೆಪ್ನಿ ಹಾಕಿ ವಾಪಸ್ ಬರ್ರಿ. ಹಂಗಾಗಿ ಟೈರು ತಗೋವಾಗ ನೆತ್ತಿ ಡಿಸೈನ್ ನೋಡೋದಕ್ಕಿಂತ ಮಗ್ಗಲು ಎಷ್ಟು ಗಟ್ಟಿ ಐತಿ ಒತ್ತಿ ನೋಡ್ರಿ. ಜಾಲಿ ಕಡದು ಹಾಕಿದ ಬದುವಿನ ಮ್ಯಾಲ ಒಣಗಿದ ಟೊಂಗಿ ಬಿದ್ದಿರತಾವ, ಅದರ ಮ್ಯಾಲ ಹೋಗೋ ಮೊದಲು ಒಬ್ರು ಇಳದು ಎಳದು ಹಾಕ್ರಿ. ಟ್ರಿಪ್ಪಿನಿಂದ ಬಂದು ಟೈರಿಗೆ ಕೈ ಆಡಿಸಿ ಮುರದು ಉಳದ ಮುಳ್ಳಿನ ತುದಿ ಇಕ್ಕಳದಲೆ ತಗೀರಿ, ಇಲ್ಲಂದ್ರ ಒಂದು ವಾರದಾಗ ಒಳಗ ಹೋಗಿ ನಿಧಾನಕ ಗಾಳಿ ಇಳಿತೈತಿ.

ಗಾಳಿ ಇಳಸೋದು ಕಲೀರಿ, ಯಾವ ಸಾಮಾನಿಗಿಂತ ಹೆಚ್ಚು ಉಪಯೋಗ ಅದರಿಂದ. ನಾನು ರೋಡಿಗೆ 26 ಪಿಎಸ್ಐ ಇಡ್ತೀನಿ, ಆನೆಗುಂದಿ ಕಡಿ ಕಲ್ಲಿನ ದಾರಿಗೆ 18, ಹೊಳಿ ಮರಳಿಗೆ 15. ಅದಕ್ಕಿಂತ ಕೆಳಗ ಹೋದ್ರ ತಿರುವಿನಾಗ ಟೈರು ರಿಮ್ಮಿನಿಂದ ಕಳಚಬಹುದು. ವಾಪಸ್ ಡಾಂಬರ್ ಹತ್ತೋ ಮೊದಲು ತುಂಬಾಕ ಬ್ಯಾಟರಿಗೆ ಹಾಕೋ ಸಣ್ಣ ಕಂಪ್ರೆಸರ್ ಬೇಕು.

ಲಿಫ್ಟ್, ಬಂಪರ್

ಇದನ್ನ ಜಲ್ದಿ ಮುಗಸ್ತೀನಿ. ಉದ್ದ ಶ್ಯಾಕಲ್ (ಪಾಟಾನ ಚಾಸಿಗೆ ಹಿಡಿಯೋ ಕೊಂಡಿ) ಹಾಕಿದ್ರ ಶ್ಯಾಕಲ್ ಎಷ್ಟು ಉದ್ದ ಆತೋ ಅದರ ಅರ್ಧ ಮಾತ್ರ ಗಾಡಿ ಏಳತೈತಿ, ಮುಂದಿನ ಹೌಸಿಂಗ್ ತಿರುಗಿ ಕ್ಯಾಸ್ಟರ್ (ಮುಂದಿನ ಚಕ್ರ ತಿರಗೋ ಕೀಲಿನ ಓರೆ) ಬದಲಾಗಿ ಸ್ಟೇರಿಂಗ್ ತಾನಾಗಿ ನೆಟ್ಟಗ ಬರೋದು ಕಡಿಮಿ ಆಗತೈತಿ. ಕುಂತು ಹೋದ ಪಾಟಾಕ್ಕ ಹೊಸಾ ಪ್ಲೇಟ್ ಹಾಕಿಸಿ, ಬುಶ್ ಬದಲಿ ಮಾಡಿ, ಚಲೋ ಶಾಕ್ ಅಬ್ಸಾರ್ಬರ್ ಹಾಕಿದ್ರ ಗಾಡಿ ತನ್ನ ಅಸಲಿ ಎತ್ತರಕ್ಕ ಬರತೈತಿ, ಭಾಳ ಮಂದಿಗೆ ಅದ ಲಿಫ್ಟ್ ಮಾಡಿಸಿದಂಗ ಕಾಣತೈತಿ. ಎತ್ತರ ಮಾಡಿಸಿದ್ರ ಬ್ರೇಕ್ ಹೋಸ್ ಉದ್ದಂದು ಹಾಕಸಲೇಬೇಕು, ಚಕ್ರ ಪೂರ್ತಿ ಇಳಿದಾಗ ಹೋಸ್ ಎಳದು ಹರದ್ರ ಬ್ರೇಕ್ ಇಲ್ಲ.

ಕಾಯ್ದೆನೂ ತಿಳಕೋರಿ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಆರ್‌ಸಿಯೊಳಗ ಇರೋ ವಿವರಕ್ಕ ಬ್ಯಾರೆ ಆಗೋ ಬದಲಾವಣಿ ಮಾಡಂಗಿಲ್ಲ, 2019ರ ಜನವರಿಯಾಗ ಸುಪ್ರೀಂ ಕೋರ್ಟ್ ಸೈತ ಇದನ್ನ ಸ್ಪಷ್ಟ ಹೇಳೈತಿ. ಮುಂದಿನ ಬುಲ್ ಬಾರ್ ಬ್ಯಾಡಂತ ಕೇಂದ್ರ ಸರ್ಕಾರ 2017ರ ಡಿಸೆಂಬರ್‌ದಾಗ ರಾಜ್ಯಗಳಿಗೆ ಬರದೈತಿ. ನಡಕೊಂಡು ಹೋಗೋರಿಗೆ ಬಡದ್ರ ಅದು ಕೊಲ್ಲತೈತಿ, ನಮ್ಮ ಊರ ರೋಡಿನಾಗ ಹುಡುಗ್ರು ಮುದುಕ್ರು ಎಲ್ಲಾ ಅಡ್ಡಾಡತಿರ್ತಾರ, ಅದಕ್ಕ ನಾನು ಹಾಕ್ಸಿಲ್ಲ.

ನೀರು, ಎರಿ ಮಣ್ಣು

ಬಿಸಿ ಹೌಸಿಂಗ್ ತಣ್ಣೀರಾಗ ಇಳದ ಕೂಡ್ಲೇ ಒಳಗಿನ ಗಾಳಿ ಕುಗ್ಗಿ ಹೊರಗಿಂದ ಎಳಕೋತೈತಿ, ಬ್ರೀದರ್ (ಗಾಳಿ ಆಡೋ ಸಣ್ಣ ತೂತು) ಕಟ್ಟಿದ್ರ ಸೀಲಿನ ಸಂದಿಯಿಂದ ನೀರು ಎಳಿತೈತಿ. ಎರಡೂ ಡಿಫರೆನ್ಷಿಯಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಬ್ರೀದರಿಗೆ ರಬ್ಬರ್ ಪೈಪ್ ಹಾಕಿ ಮ್ಯಾಲಕ್ಕ ಬಾನೆಟ್ ಒಳಗ ತಂದು ಕಟ್ರಿ. ಎಲ್ಲಾಕ್ಕಿಂತ ಕಡಿಮಿ ಖರ್ಚಿನ, ಎಲ್ಲಾಕ್ಕಿಂತ ಉಪಯೋಗದ ಬದಲಾವಣಿ ಇದು. ನೀರಾಗ ಇಂಜಿನ್ ಬಂದಾದ್ರ ಮತ್ತ ಸೆಲ್ಫ್ ಹೊಡೀಬ್ಯಾಡ್ರಿ, ಸಿಲಿಂಡರ್‌ದಾಗ ನೀರಿದ್ರ ಅದು ಗಾಳಿ ಹಂಗ ಕುಗ್ಗಂಗಿಲ್ಲ, ಕನೆಕ್ಟಿಂಗ್ ರಾಡ್ ಬಾಗತೈತಿ. ಎಳದು ಹೊರಗ ತಂದು ಪ್ಲಗ್ ಬಿಚ್ಚಿ ಆಮ್ಯಾಲ ತಿರಗಸ್ರಿ.

ತುಂಗಭದ್ರಾ ಹೊಳಿದಾಗ ಡ್ಯಾಮಿನ ಕೆಳಗ ಎಲ್ಲೂ ಗಾಡಿ ಇಳಿಸಿ ನಿಲ್ಲಿಸಬ್ಯಾಡ್ರಿ. ನಮ್ಮಲ್ಲಿ ಮಳಿ ಹನಿ ಇಲ್ಲದಿದ್ರೂ ಮಲೆನಾಡಿನಾಗ ಬಿದ್ದ ನೀರು ಗೇಟ್ ತಗದಾಗ ಬರತೈತಿ, 2024ರ ಆಗಸ್ಟ್‌ದಾಗ 19ನೇ ಗೇಟಿನ ಚೈನ್ ಕಡದಿದ್ದು ರಾತ್ರಿ, ಯಾರಿಗೆ ಮೊದಲ ಗೊತ್ತಿತ್ತು ಹೇಳ್ರಿ.

ಎರಿ ಹೊಲದ ದಾರಿ ಬ್ಯಾಸಗಿದಾಗ ಸಿಮೆಂಟ್ ಇದ್ದಂಗ, ಒಂದು ಅರ್ಧ ತಾಸು ಮಳಿ ಬಿತ್ತು ಅಂದ್ರ ಮುಗೀತು. ಆ ಮಣ್ಣು ನೀರು ಕುಡದು ಉಬ್ಬಿ ಅಂಟಾಗತೈತಿ, ಟೈರಿನ ಕಚ್ಚು ತುಂಬಿ ಟೈರು ನುಣ್ಣಗಾಗತೈತಿ, ಮಡ್‌ಗಾರ್ಡ್ ಒಳಗ ತುಂಬಿ ಚಕ್ರ ತಿರಗಾಕ ಬಿಡಂಗಿಲ್ಲ. ಫೋರ್ ವೀಲ್ ಐತಿ ಅಂತ ನುಗ್ಗಬ್ಯಾಡ್ರಿ, ನಮ್ಮ ಗಾಡಿದಾಗ ಡಿಫರೆನ್ಷಿಯಲ್ ಲಾಕ್ ಇಲ್ಲ, ಮುಂದೊಂದು ಹಿಂದೊಂದು ಚಕ್ರ ಜಾರಿದ್ರ ಶಕ್ತಿ ಎಲ್ಲಾ ಅವಕ್ಕ ಹೋಗತೈತಿ. ಹೋಗಲೇಬೇಕಂದ್ರ ಮೊದಲ ಮುಂದಿನ ಚಕ್ರದ ಹಬ್ ಲಾಕ್ ಮಾಡಿ, 4ಎಚ್‌ಗೆ (ನಾಕೂ ಚಕ್ರ, ಜೋರು ಗೇರು) ಹಾಕಿ, ಸೆಕೆಂಡ್ ಗೇರಿನಾಗ ಒಂದ ಹದದಾಗ ಹೋಗ್ರಿ, ನಡಕ ನಿಲ್ಲಬ್ಯಾಡ್ರಿ. 4ಎಲ್ (ನಾಕೂ ಚಕ್ರ, ನಿಧಾನ ಎಳಿಯೋ ಗೇರು) ಹಾಕೋದಿದ್ರ ಗಾಡಿ ಪೂರ್ತಿ ನಿಲ್ಲಿಸಿ ಹಾಕ್ರಿ. ಡಾಂಬರಿಗೆ ಬಂದ ಕೂಡ್ಲೇ 2ಎಚ್ (ಬರೀ ಹಿಂದಿನ ಚಕ್ರ), ಒಣ ರೋಡಿನಾಗ ಫೋರ್ ವೀಲ್ ಹಾಕಿ ತಿರಗಿಸಿದ್ರ ಮುಂದಿನ ಹಿಂದಿನ ಶಾಫ್ಟ್ ಒಂದಕ್ಕೊಂದು ತಿರುಚಿಕೊಂಡು ಕ್ರಾಸ್ ಮುರಿತಾವ. ಭತ್ತದ ಗದ್ದಿ ಬದುವಿನ ಮ್ಯಾಲ, ಬಿತ್ತಿದ ಹೊಲದಾಗ ಹೋಗಬ್ಯಾಡ್ರಿ, ರೈತರ ವರ್ಷದ ಕೂಳು ಅದು. ಸಂಡೂರಿನ ಕಾಡು, ದರೋಜಿ ಕರಡಿಧಾಮದ ಕಡಿ ಅರಣ್ಯ ಇಲಾಖೆ ಪರವಾನಗಿ ಇಲ್ಲದ ಗಾಡಿ ಹಾಕೋದು ಅಪರಾಧ.

ಹುಗದ್ರ ಟ್ರ್ಯಾಕ್ಟರ್ ಕರಿತೀವಿ, ಬರತಾರ, ನಮ್ಮ ಕಡಿ ಮಂದಿ ಇಲ್ಲ ಅನ್ನಂಗಿಲ್ಲ. ಆದ್ರ ಎಳ್ಯಾಕ ಗಾಡಿ ಚಾಸಿಗೆ ಬೋಲ್ಟ್ ಹಾಕಿದ ಗಟ್ಟಿ ಕೊಂಡಿ ಬೇಕು, ಬಂಪರಿಗೂ ಸ್ಟೇರಿಂಗ್ ರಾಡಿಗೂ ಹಗ್ಗ ಕಟ್ಟಬ್ಯಾಡ್ರಿ. ಚೈನ್ ಬಿಟ್ಟು ಎಳ್ಯೋ ಪಟ್ಟಿ, ಎರಡು ಡಿ ಶ್ಯಾಕಲ್ (ಡಿ ಆಕಾರದ ಕೊಂಡಿ) ನಿಮ್ಮದ ಇಟಗೋರಿ, ಪಟ್ಟಿ ನಡಕ ಒದ್ದಿ ಮಾಡಿದ ಗೋಣಿಚೀಲ ಹಾಕ್ರಿ, ಹರದ್ರ ಹಾರೋದು ಕಡಿಮಿ ಆಗತೈತಿ, ಮತ್ತ ಮಂದಿನ್ನ ಪಟ್ಟಿಯ ಎರಡರಷ್ಟು ದೂರ ನಿಲ್ಲಸ್ರಿ. ಚಕ್ರದ ಮುಂದಿನ ಮಣ್ಣು ಸಲಿಕಿಲೆ ತಗದು, ಗಾಳಿ ಇಳಿಸಿದ ಮ್ಯಾಲ ಎಳಸ್ರಿ, ಅರ್ಧ ಜೋರು ಸಾಕಾಗತೈತಿ. ಜಾಕಿ ಕೆಳಗ ಇಡಾಕ ಒಂದು ದಪ್ಪ ಹಲಗಿ ಮರೀಬ್ಯಾಡ್ರಿ, ಎರಿ ಮಣ್ಣಿನಾಗ ಬರೀ ಜಾಕಿ ತಾನ ಹುಗಿತೈತಿ.

ವಾಪಸ್ ಬಂದ ಮ್ಯಾಲ

ಎರಿ ಮಣ್ಣು ಒಣಗೋದ್ರೊಳಗ ತೊಳೀರಿ, ಒಣಗಿದ್ರ ಇಟ್ಟಂಗಿ ಆಗತೈತಿ. ರಿಮ್ ಒಳಗ ಒಂದು ಕಡಿ ಮಣ್ಣು ಉಳದ್ರ ರೋಡಿನಾಗ ಗಾಡಿ ನಡಗತೈತಿ, ನೀವು ಬ್ಯಾಲೆನ್ಸಿಂಗ್‌ಗೆ ಸುಮ್ನ ದುಡ್ಡು ಕೊಡ್ತೀರಿ. ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ನಾಕೂ ಹಬ್ಬಿಗೆ ಕೈ ಹತ್ರ ಒಯ್ದು ನೋಡ್ರಿ, ಒಂದು ಮಾತ್ರ ಭಾಳ ಸುಡಾಕ ಹತ್ತಿದ್ರ ಬೇರಿಂಗೋ ಬ್ರೇಕೋ ಹಿಡದೈತಿ. ನೀರಾಗ ಇಳದಿದ್ರ ಗಾಡಿ ರಾತ್ರಿ ನಿಂತ ಮ್ಯಾಲ ಬೆಳಿಗ್ಗೆ ಸ್ಟಾರ್ಟ್ ಮಾಡೋ ಮೊದಲ ಡಿಫರೆನ್ಷಿಯಲ್ ಡ್ರೇನ್ ಸ್ವಲ್ಪ ಸಡಿಲ ಮಾಡ್ರಿ, ನೀರು ಎಣ್ಣಿಗಿಂತ ಭಾರ, ತಳದಾಗ ಕುಂತಿರತೈತಿ, ಮೊದಲ ಹನಿ ನೀರು ಬಂದ್ರ ಪೂರ್ತಿ ಎಣ್ಣಿ ಬದಲಿ. ಆಮ್ಯಾಲ ಪಾಟಾದ ಯು ಬೋಲ್ಟ್, ಶಾಫ್ಟಿನ ಬೋಲ್ಟ್, ಚಕ್ರದ ನಟ್ಟು ಒಂದು ಸುತ್ತು ಪಾನಾ ಹಾಕಿ ನೋಡ್ರಿ, ಹೊಸಾ ಪಾಟಾ ಪ್ಲೇಟ್ ಹಾಕಿಸಿದ್ರ ಯು ಬೋಲ್ಟ್ ಮೊದಲನೇ ವಾರದಾಗ ಸಡಿಲ ಆಗೇ ಆಗತೈತಿ.